ಮುಟ್ಟಿನ ಹೊಟ್ಟೆನೋವಿಗೆ ಮುಟ್ಟಿಲ್ಲದ ದಿನಗಳ ವ್ಯಾಯಾಮ

ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹೈಸ್ಕೂಲು ಹುಡುಗಿಯರಿಗೆ ನಾನು ಮಾಡಿಸುವ ಕ್ರಮ ಇದು. ನೋವು ಬಂದ ದಿನ ಮಾತ್ರ ಮೈ ಬಗ್ಗಿಸಿದರೆ ಸಿಗುವ ಆರಾಮ ಸ್ವಲ್ಪ. ವಾರಕ್ಕೆ 3 ದಿನ, ದಿನಕ್ಕೆ 45 ನಿಮಿಷ, 8 ವಾರ ಬಿಡದೆ ಮಾಡಬೇಕು. ಅಂದರೆ ಎರಡು ಮುಟ್ಟು ದಾಟಬೇಕು. ಮೊದಲ ತಿಂಗಳಿಗೇ ‘ಏನೂ ಫರಕ್ ಆಗಿಲ್ರೀ ಮೇಡಂ’ ಅಂತ ಬಿಡುವವರೇ ಹೆಚ್ಚು.

ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೊರಬಂದು ಅಲ್ಲಿನ ಸ್ನಾಯುವನ್ನು ಹಿಂಡುತ್ತದೆ. ಹಿಂಡಿದಾಗ ಸ್ನಾಯುವಿಗೆ ರಕ್ತ ಸಾಲದೆ ನೋವು. ಇಂಥ ನೋವು ಸ್ರಾವದ ಜೊತೆಗೇ ಶುರುವಾಗಿ 2–3 ದಿನದಲ್ಲಿ ಇಳಿಯುತ್ತದೆ. ವ್ಯಾಯಾಮ ಕೆಲಸ ಮಾಡುವುದು ಇದಕ್ಕೆ.

ಶುರು ಮಾಡುವ ಮೊದಲು ಒಂದು ಮುಟ್ಟಿನ ಲೆಕ್ಕ ಬರೆಸಿ. ತಾರೀಖು, 0ಯಿಂದ 10ರೊಳಗೆ ನೋವು ಎಷ್ಟು, ಗುಳಿಗೆ ಎಷ್ಟು, ಶಾಲೆ ತಪ್ಪಿದ ದಿನ ಎಷ್ಟು. ಈ ಲೆಕ್ಕ ಇಲ್ಲದಿದ್ದರೆ 8ರಿಂದ 5ಕ್ಕೆ ಇಳಿದದ್ದು ಹುಡುಗಿಗೇ ಗೊತ್ತಾಗುವುದಿಲ್ಲ, ಯಾಕೆಂದರೆ 5 ಕೂಡ ನೋವೇ.

ನಮ್ಮ ಬಿಸಿಲಿಗೆ ಬೆಳಿಗ್ಗೆ 6 ಗಂಟೆಯೇ ಸರಿ. ಬರಿ ಹೊಟ್ಟೆಯಲ್ಲಿ ಬೇಡ, ತಲೆ ಸುತ್ತುತ್ತದೆ. ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು ಅಥವಾ ಒಂದು ಹಿಡಿ ಶೇಂಗಾ-ಬೆಲ್ಲ, ಮೇಲೊಂದು ಲೋಟ ನೀರು. ಶಹಾಬಾದ್ ಕಲ್ಲಿನ ನೆಲ ಮೊಣಕಾಲಿಗೆ ಒತ್ತುತ್ತದೆ, ಕೌದಿಯನ್ನು ನಾಲ್ಕು ಮಡಿಕೆ ಹಾಕಿ ಹಾಸಿಕೊಳ್ಳಬೇಕು. ಬಾಗಿಲು ಮುಚ್ಚುವ ಕೋಣೆ ಬೇಕೇ ಬೇಕು. ಯಾರಾದರೂ ನೋಡುತ್ತಾರೆಂಬ ಅಂಜಿಕೆಯಿದ್ದರೆ ಹುಡುಗಿಯರು ಅರ್ಧಂಬರ್ಧ ಬಗ್ಗುತ್ತಾರೆ.

ಮೊದಲ 10 ನಿಮಿಷ ಬಿರುಸಿನ ನಡಿಗೆ. ಆಮೇಲೆ 20 ನಿಮಿಷ ಮೈ ಹಿಗ್ಗಿಸುವುದು. ನಿಂತು ಟೊಂಕದಿಂದ ಮುಂದಕ್ಕೆ ಬಾಗಿ, ಬೆನ್ನು ಹಲಗೆಯಂತೆ ನೆಲಕ್ಕೆ ಸಮವಾಗಿ 5 ಸೆಕೆಂಡು, 10 ಸಲ. ಇಲ್ಲೇ ತಪ್ಪು ಹೆಚ್ಚು: ಬೆನ್ನು ಗೂನಾದರೆ ಎಳೆತ ತೊಡೆಯ ಹಿಂಭಾಗಕ್ಕೆ ಸರಿಯಾಗಿ ಹೋಗುವುದಿಲ್ಲ, ನಡುವಿಗೆ ನೋವು ಹೊಸದಾಗಿ ಸೇರುತ್ತದೆ. ಬೆನ್ನಿನ ಮೇಲೆ ಉದ್ದದ ಕೋಲು ಇಟ್ಟು ನೋಡಿದರೆ ತಿಳಿಯುತ್ತದೆ. ನಂತರ ಹಿಮ್ಮಡಿ ಎತ್ತಿ ಇಳಿಸುವುದು 20 ಸಲ. ಅಂಬೆಗಾಲಿನಲ್ಲಿ ನಿಂತು ಬೆಕ್ಕಿನಂತೆ ಬೆನ್ನು ಮೇಲೆ-ಕೆಳಗೆ 10 ಸಲ, ಮೇಲೆತ್ತುವಾಗ ಉಸಿರು ಹೊರಗೆ. ಕುಳಿತು ಎರಡೂ ಅಂಗಾಲು ಜೋಡಿಸಿ, ಪಾತರಗಿತ್ತಿ ರೆಕ್ಕೆ ಬಿಚ್ಚಿದ ಹಾಗೆ ಮಂಡಿ ಕೆಳಗಿಳಿಸಿ 30 ಸೆಕೆಂಡು, 3 ಸಲ. ಮಂಡಿಯನ್ನು ಕೈಯಿಂದ ಒತ್ತಬಾರದು, ಕುಕ್ಕಬಾರದು. ಬೋರಲು ಮಲಗಿ ಎದೆ ಮೇಲೆತ್ತುವ ಭುಜಂಗಾಸನ 10 ಸೆಕೆಂಡಿನಂತೆ 5 ಸಲ, ಕೊನೆಗೆ ಮಂಡಿ ಮಡಿಸಿ ಹಿಮ್ಮಡಿ ಮೇಲೆ ಕುಳಿತು ಮುಂದಕ್ಕೆ ಬಾಗಿ ಹಣೆ ನೆಲಕ್ಕಿಡುವ ಶಶಾಂಕಾಸನದಲ್ಲಿ 1 ನಿಮಿಷ. ಉಸಿರು ಹಿಡಿದರೆ ಹೊಟ್ಟೆ ಬಿಗಿಯುತ್ತದೆ, ಆದ್ದರಿಂದ ಎಣಿಕೆಯನ್ನು ಬಾಯಿಬಿಟ್ಟು ಹೇಳಿಸುತ್ತೇನೆ.

ಆಮೇಲೆ 10 ನಿಮಿಷ ಹಗ್ಗದಾಟ ಅಥವಾ ಖೋಖೋ, ಬೆವರು ಬರಬೇಕು. ಉಳಿದ 5 ನಿಮಿಷ ಮಲಗಿ ಉಸಿರಾಟ.

ಓಡಿದರೆ, ಜಿಗಿದರೆ ಗರ್ಭಕೋಶ ಜಾರುತ್ತದೆಂಬ ಮಾತು ಮನೆಗಳಲ್ಲಿ ಈಗಲೂ ಇದೆ. ಅದು ಸುಳ್ಳು. ಅವ್ವಂದಿರನ್ನು ಒಮ್ಮೆ ಕರೆಸಿ ಅವರ ಎದುರಿಗೇ ಮಾಡಿಸಿದರೆ ಅರ್ಧ ಅಡ್ಡಿ ಕಳೆಯುತ್ತದೆ.

ಕಡಿಗಾದ ದಿನ, ಅಂದರೆ ಮುಟ್ಟಾದ ದಿನ, ಇಷ್ಟನ್ನೆಲ್ಲ ಹೇರಬಾರದು. ನಿಧಾನ ನಡಿಗೆ, ಬೆಕ್ಕಿನ ಭಂಗಿ, ಶಶಾಂಕಾಸನ, ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಕಿಬ್ಬೊಟ್ಟೆಗೆ 15–20 ನಿಮಿಷ, ಸಾಕು. ವೈದ್ಯರು ಬರೆದುಕೊಟ್ಟ ಮೆಫೆನಮಿಕ್ ಆಸಿಡ್ ಅಥವಾ ಐಬುಪ್ರೊಫೆನ್ ಇದ್ದರೆ ನೋವು ಕಾಣಿಸಿದ ಕೂಡಲೇ, ಉಂಡ ಮೇಲೆ. ಅದು ಪ್ರೊಸ್ಟಾಗ್ಲಾಂಡಿನ್ ಹುಟ್ಟುವುದನ್ನೇ ತಡೆಯುವ ಗುಳಿಗೆ, ಸಂಜೆತನಕ ತಡೆದು ನುಂಗಿದರೆ ಅಷ್ಟು ಕೆಲಸ ಮಾಡದು. ಸುಸ್ತು, ಏದುಸಿರು ಇರುವವಳ ರಕ್ತ ಪರೀಕ್ಷೆ ಮಾಡಿಸಿ; ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಶಾಲೆಯಲ್ಲಿ ಕೊಡುವ ವಾರದ ಕಬ್ಬಿಣದ ಗುಳಿಗೆಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗದಂತೆ ಎದುರಿಗೇ ನುಂಗಿಸಿ.

ಒಂದೆರಡು ಗಂಟೆಗೇ ಪ್ಯಾಡ್ ತೊಯ್ಯುತ್ತಿದ್ದರೆ, 7 ದಿನ ದಾಟಿದರೆ, ಮುಟ್ಟಿಲ್ಲದಾಗಲೂ ನೋವಿದ್ದರೆ, ಗುಳಿಗೆಗೂ ಬಗ್ಗದೆ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಅದು ವ್ಯಾಯಾಮದ ಕೆಲಸವಲ್ಲ, ವೈದ್ಯರಿಗೆ ತೋರಿಸಬೇಕು. ಇನ್ನೂ ಮುಟ್ಟೇ ಆಗದ ಹುಡುಗಿಗೆ ತಿಂಗಳಿಗೊಮ್ಮೆ ಕಿಬ್ಬೊಟ್ಟೆ ನೋವು ಬರುತ್ತಿದ್ದರೆ ಒಳಗೆ ದಾರಿ ಮುಚ್ಚಿ ರಕ್ತ ನಿಂತಿರಬಹುದು. ಅವಳನ್ನು ಎಂಟು ವಾರ ಕಾಯಿಸದೆ ಅದೇ ವಾರ ಸ್ತ್ರೀರೋಗ ವೈದ್ಯರಿಗೆ ತೋರಿಸಬೇಕು.