ದೂರದ ಸ್ವಿಚ್‌ಗೆ ವಿ-ಲ್ಯಾನ್ ಸೇರಿಸುವ ಮುನ್ನ

ಮಡಿಕೇರಿಯಲ್ಲಿ ಕುಳಿತು ಬೆಂಗಳೂರಿನ ಡೇಟಾ ಸೆಂಟರ್‌ನ ಸಿಸ್ಕೊ ಐಒಎಸ್ ಸ್ವಿಚ್‌ಗಳಿಗೆ (ಸಿಸ್ಕೊ ತಂತ್ರಾಂಶದಿಂದ ನಡೆಯುವ, ಕಂಪ್ಯೂಟರ್‌ಗಳನ್ನು ಜೋಡಿಸುವ ಸಾಧನಗಳಿಗೆ) ಸ್ಕ್ರಿಪ್ಟ್ ಮೂಲಕ ವಿ-ಲ್ಯಾನ್ (ಸ್ವಿಚ್‌ನೊಳಗೇ ಬೇರ್ಪಡಿಸಿದ ನೆಟ್‌ವರ್ಕ್) ಸೇರಿಸುವವರು ಮೊದಲಿಗೇ ‘ರಿಲೋಡ್ ಇನ್ 10’ (10 ನಿಮಿಷದ ಬಳಿಕ ರೀಬೂಟ್ ಆಗು) ಆದೇಶ ಕೊಟ್ಟು, ಬದಲಾವಣೆಯ ನಂತರ ಸ್ವಿಚ್ ಮತ್ತು ವರ್ಚುವಲ್ ಮಷೀನ್‌ಗಳೆರಡೂ ಪಿಂಗ್‌ಗೆ (ಸಂಪರ್ಕ ಪರೀಕ್ಷೆಗೆ) ಉತ್ತರಿಸಿದರೆ ಮಾತ್ರ ‘ರಿಲೋಡ್ ಕ್ಯಾನ್ಸಲ್’ ಮಾಡಿ ಕಾನ್ಫಿಗರೇಷನ್ ಉಳಿಸುವುದು ಒಳಿತು. ಪೋರ್ಟ್ ಸೆಟ್ಟಿಂಗ್‌ಗಳಲ್ಲಿ ಉಳಿಸದ ಬದಲಾವಣೆ ರೀಬೂಟ್ ಆದೊಡನೆ ಅಳಿಯುವುದರಿಂದ, ಟ್ರಂಕ್ ಪೋರ್ಟಿನ (ಹಲವು ವಿ-ಲ್ಯಾನ್‌ಗಳನ್ನು ಸಾಗಿಸುವ ಪೋರ್ಟಿನ) ‘ಅಲೌಡ್ ವಿ-ಲ್ಯಾನ್’ ಸಾಲಿನಲ್ಲಿ ‘ಆ್ಯಡ್’ ಎಂಬ ಒಂದು ಪದ ಬಿಟ್ಟುಹೋಗಿ ಹಳೆಯ ವಿ-ಲ್ಯಾನ್‌ಗಳೆಲ್ಲ ಪಟ್ಟಿಯಿಂದ ಹೋದರೂ (ಅನುಭವಿಗಳೂ ಮಾಡುವ ತಪ್ಪಿದು), ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆಗೆ ನಮ್ಮ ಲೈನೇ ಕಡಿದರೂ, 10 ನಿಮಿಷದ ಬಳಿಕ ಸ್ವಿಚ್ ರೀಬೂಟ್ ಆಗಿ ಅದರ ಪೋರ್ಟ್‌ಗಳು ಹಳೆಯ ಸ್ಥಿತಿಗೆ ಮರಳುತ್ತವೆ. ಸ್ಕ್ರಿಪ್ಟಿನ ನಡುವೆ ಎಲ್ಲಾದರೂ ‘ರೈಟ್ ಮೆಮೊರಿ’ (ಕಾನ್ಫಿಗರೇಷನ್ ಉಳಿಸುವ ಆದೇಶ) ಅಡಗಿದ್ದರೆ ಈ ಉಪಾಯ ನಿಷ್ಪ್ರಯೋಜಕ. ಹೋಸ್ಟ್‌ಗಳಿಗೆ (ವರ್ಚುವಲ್ ಮಷೀನ್‌ಗಳನ್ನು ಓಡಿಸುವ ಸರ್ವರ್‌ಗಳಿಗೆ) ಎರಡನೆಯ ಸ್ವಿಚ್‌ನ ಸಂಪರ್ಕ ಇಲ್ಲದ ಕಡೆ ರೀಬೂಟ್ ಮುಗಿಯುವವರೆಗೆ ಅವುಗಳ ನೆಟ್‌ವರ್ಕ್ ಪೂರ್ತಿ ನಿಲ್ಲುತ್ತದೆ. ಜ್ಯುನಿಪರ್ ಕಂಪನಿಯ ಸ್ವಿಚ್ ಬಳಸುವವರಿಗೆ, ಖಚಿತಪಡಿಸದಿದ್ದರೆ ಬದಲಾವಣೆಯನ್ನು ತಾನೇ ಹಿಂದೆಗೆಯುವ, ರೀಬೂಟೇ ಬೇಡದ ‘ಕಮಿಟ್ ಕನ್ಫರ್ಮ್ಡ್’ ಇದೆ.