ಹತ್ತಿ ಬೆಳೆಯುವ ಕಂಪನಿಗೆ ಸರಿಯಾದ ಎನ್‌ಐಸಿ ಕೋಡ್ ಆರಿಸುವುದು ಹೇಗೆ?

ಬೆಂಗಳೂರಿನಲ್ಲಿ ಕೆಲಸ, ಹಾವೇರಿ ಕಡೆ ಹೊಲ. ಅಣ್ಣತಮ್ಮಂದಿರು ಸೇರಿ ಕಂಪನಿ ಮಾಡಿ ಹತ್ತಿ ಬೆಳೆಯೋಣ ಅಂತ ಹೊರಟಾಗ ಕಂಪನಿಯ ನೋಂದಣಿ ಅರ್ಜಿಯಲ್ಲಿ ಎದುರಾಗುವುದು, ಕಂಪನಿ ಯಾವ ಕೆಲಸ ಮಾಡುತ್ತದೆ ಅಂತ ಹೇಳುವ ಈ ಎನ್‌ಐಸಿ ಕೋಡ್. ಹೆಚ್ಚಿನವರು ಇದನ್ನು ಸುಮ್ನೆ ತುಂಬಿಸಿ ಮುಂದೆ ಹೋಗುತ್ತಾರೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಭಾವನ ಅರ್ಜಿ ತುಂಬಿದವರು ಪಟ್ಟಿಯಲ್ಲಿ ‘ಹತ್ತಿ’ ಅಂತ ಹುಡುಕಿ, ಕಣ್ಣಿಗೆ ಬಿದ್ದ 13111 ಹಾಕಿಬಿಟ್ಟರು. ಅದು ನೂಲಿನ ಮಿಲ್ಲಿನ ಕೋಡ್. ಸಾಲಕ್ಕೆ ಹೋದರೆ ಬ್ಯಾಂಕಿನವರು ‘ಮಿಲ್ ಎಲ್ಲಿದೆ?’ ಅಂತ ಕೇಳಿದರು. ಮಿಲ್ ಎಲ್ಲಿಂದ ಬರಬೇಕು, ಇದ್ದದ್ದು ಎರೆ ಹೊಲ. ಅದನ್ನು ಸರಿಪಡಿಸಿಕೊಂಡು ಬರುವಷ್ಟರಲ್ಲಿ ಬಿತ್ತನೆ ಮುಗಿದಿತ್ತು.

ಮೊದಲು ಸರಿಯಾದ ಪಟ್ಟಿ ತೆಗೆದುಕೊಳ್ಳಿ. ಕೋಡ್ ಇರುವುದು ಎನ್‌ಐಸಿ 2008ರಲ್ಲಿ. 2004ರ ಹಳೆಯ ಪಟ್ಟಿಯೂ ಅಂತರ್ಜಾಲದಲ್ಲಿ ಓಡಾಡುತ್ತಿದೆ, ಅದರ ಅಂಕಿಗಳೇ ಬೇರೆ. ಹೊಸ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಇಳಿಯಿರಿ: ‘ಎ’ ವಿಭಾಗ ಅಂದರೆ ಕೃಷಿ, ಅರಣ್ಯ, ಮೀನುಗಾರಿಕೆ. ಅದರೊಳಗೆ 01 ಬೆಳೆ ಮತ್ತು ಪ್ರಾಣಿ ಸಾಕಣೆ, 011 ಒಂದೇ ಹಂಗಾಮಿನ ಬೆಳೆಗಳು, 0116 ನಾರಿನ ಬೆಳೆಗಳು. ಕೊನೆಗೆ 01161, ಹತ್ತಿ ಬೆಳೆಯುವುದು. ಮೊದಲ ನಾಲ್ಕು ಅಂಕಿ ವಿಶ್ವಸಂಸ್ಥೆಯ ವರ್ಗೀಕರಣದಿಂದಲೇ ಬಂದದ್ದು, ಐದನೆಯದು ನಮ್ಮ ದೇಶದ್ದು.

ಕೋಡ್ ಗೊತ್ತಾಯಿತಲ್ಲ, ಹಾಕಿಬಿಡೋಣ ಅನ್ನಬೇಡಿ. ನಿಮ್ಮ ಗೇಟು ದಾಟಿ ಹೋಗುವ ಮಾಲು ಯಾವ ರೂಪದಲ್ಲಿದೆ ಅಂತ ನೋಡಿ. ಬಿಡಿಸಿದ ಹತ್ತಿಯಲ್ಲಿ ಬೀಜ ಇನ್ನೂ ಒಳಗೇ ಇರುತ್ತದೆ, ಹಿಚುಕಿದರೆ ಬೆರಳಿಗೆ ಸಿಗುತ್ತದೆ. ಒಂದು ಕ್ವಿಂಟಲ್ ಹತ್ತಿಯನ್ನು ಬೀಜ ಬಿಡಿಸುವ ಜಿನ್ನಿಂಗ್‌ಗೆ ಹಾಕಿದರೆ ಅರಳೆ ಬರುವುದು ಸುಮಾರು ಮೂರನೇ ಒಂದು ಪಾಲು, ಉಳಿದದ್ದರಲ್ಲಿ ಜಾಸ್ತಿ ಬೀಜವೇ. ಅಂದರೆ 170 ಕೆಜಿಯ ಒಂದು ಬೇಲ್‌ಗೆ ಐದು ಕ್ವಿಂಟಲ್ ಹತ್ತಿ ಬೇಕು. ಬೀಜ ಸಮೇತ ಮಾರುತ್ತೀರಾ? 01161. ಬೇರೆಯವರ ಹತ್ತಿ ತಂದು ಜಿನ್ನಿಂಗ್ ಮಾಡಿ ಬೇಲ್ ಕಟ್ಟುತ್ತೀರಾ? ಅದು 01632, ಕೊಯ್ಲಿನ ನಂತರದ ಕೆಲಸ. ಮಂಡಿಯಲ್ಲಿ ಕೊಂಡು ಮಾರುವುದು 4620, ಅದು ಸಗಟು ವ್ಯಾಪಾರ. ಟ್ರ್ಯಾಕ್ಟರ್ ಇಟ್ಟುಕೊಂಡು ಬೇರೆಯವರ ಹೊಲಕ್ಕೆ ಬಾಡಿಗೆಗೆ ಹೋದರೆ 0161. ಬೆಳೆ ಒಂದೇ ಆದರೂ ಕೆಲಸ ಬೇರೆಯಾದರೆ ಕೋಡ್ ಬೇರೆ.

ರಾಣೆಬೆನ್ನೂರಿನ ಕಡೆಯವರಿಗೆ ಒಂದು ಮಾತು. ಬೀಜೋತ್ಪಾದನೆ ಪ್ಲಾಟ್‌ನಲ್ಲಿ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ) ಮಾಡಿಸುವುದೂ ಬೆಳೆಯುವ ಕೆಲಸವೇ, ಅದು 011ರಲ್ಲೇ ಬರುತ್ತದೆ. ಬೆಳೆದ ಬೀಜವನ್ನು ಶುದ್ಧ ಮಾಡಿ, ಉಪಚರಿಸಿ ಬಿತ್ತನೆಗೆ ತಯಾರು ಮಾಡುವುದು ಮಾತ್ರ 0164.

ಎರಡು ಮೂರು ಕೆಲಸ ಒಟ್ಟಿಗೆ ಇದ್ದರೆ? ಯಾವುದರಿಂದ ಮೌಲ್ಯ ಜಾಸ್ತಿ ಹುಟ್ಟುತ್ತದೋ ಅದು ಮುಖ್ಯ ಕೋಡ್. ಬರೀ ವಹಿವಾಟಿನ ಮೊತ್ತ ನೋಡಬೇಡಿ, ಕೊಂಡು ಮಾರುವವರ ವಹಿವಾಟು ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ.

ಇದನ್ನು ಜಿಎಸ್‌ಟಿಯ ಎಚ್‌ಎಸ್‌ಎನ್ ಜೊತೆ ಬೆರೆಸಬೇಡಿ. 5201 ಅನ್ನುವುದು ಹತ್ತಿ ಎಂಬ ಸರಕಿನ ಸಂಖ್ಯೆ, ನಿಮ್ಮ ಕೆಲಸದ್ದಲ್ಲ. ಜಿಎಸ್‌ಟಿಯಲ್ಲಿ ‘ಕೃಷಿಕ’ ಅಂದರೆ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾತ್ರ. ಕೃಷಿಕರಿಗಿರುವ ನೋಂದಣಿ ವಿನಾಯಿತಿ ಕಂಪನಿಗೆ ಸಿಗುವುದಿಲ್ಲ, 01161 ಇದ್ದರೂ ಸಿಗುವುದಿಲ್ಲ. ಹಾಗೆಯೇ ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿಯಲ್ಲಿ ಬರೀ ಬೆಳೆ ಬೆಳೆಯುವ ಕೆಲಸಕ್ಕೆ ಜಾಗವಿಲ್ಲ. ಜಿನ್ನಿಂಗ್‌ನಂಥ 016ರ ಕೆಲಸಗಳಿಗೆ ಇದೆ.

ಕಂಪನಿಯ ಪ್ರಮಾಣಪತ್ರ ಬಂದ ದಿನವೇ ಅದರಲ್ಲಿರುವ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ತೆಗೆದು ನೋಡಿ. ಮೊದಲು ‘ಯು’, ಆಮೇಲೆ ಐದು ಅಂಕಿ, ಆಮೇಲೆ ‘ಕೆಎ’, ಆಮೇಲೆ ಇಸವಿ. ಕಚೇರಿ ರಾಜಾಜಿನಗರದಲ್ಲಿದ್ದರೂ ಪರವಾಗಿಲ್ಲ, ಆ ಐದು ಅಂಕಿ ಹೊಲದ ಕೆಲಸವನ್ನೇ ಹೇಳಬೇಕು. ‘ಯು01161ಕೆಎ’ ಅಂತ ಇಲ್ಲದಿದ್ದರೆ ಬ್ಯಾಂಕ್ ಖಾತೆ ತೆರೆಯುವ ಮೊದಲೇ ನಿಮ್ಮ ಸಿಎಗೆ ಫೋನ್ ಮಾಡಿ.