ಹಟ ಹಿಡಿದ ಪಿಸಿವಿ ವಾಲ್ವ್: ಮುರಿಯದೆ ಬಿಡಿಸುವುದು ಹೇಗೆ?

ಹಳೆಯ ಪೆಟ್ರೋಲ್ ಕಾರಿನ ಬಾನೆಟ್ ಎತ್ತಿ ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ನಿನ ನೆತ್ತಿಯ ಮುಚ್ಚಳದ ಮೇಲೆ ಕಣ್ಣಾಡಿಸಿ. ಅನೇಕ ಕಾರುಗಳಲ್ಲಿ ಅಲ್ಲೊಂದು ಕಡೆ ಹೆಬ್ಬೆರಳು ಗಾತ್ರದ ತುಂಡೊಂದು ಕಪ್ಪು ರಬ್ಬರ್ ಬಳೆಯೊಳಗೆ ಕುಳಿತಿರುತ್ತದೆ. ಅದರ ತಲೆಯಿಂದ ಹೊರಟ ಪೈಪು ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಸೇರುತ್ತದೆ. ಅದೇ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ವಾಲ್ವ್, ಎಂಜಿನ್ನಿನ ಉಸಿರುಗಂಡಿ. ಆಯಿಲ್, ಫಿಲ್ಟರ್, ಪ್ಲಗ್‌ಗಳನ್ನು ತಪ್ಪದೆ ಬದಲಿಸುವವರೂ ಇದನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ. ಮುಟ್ಟುವ ದಿನ ಬಂದಾಗ ಅದು ಕಲ್ಲಿನಂತೆ ಕಚ್ಚಿಕೊಂಡಿರುತ್ತದೆ.

ಪಿಸ್ಟನ್ ರಿಂಗ್‌ಗಳು ಎಷ್ಟೇ ಬಿಗಿಯಾಗಿರಲಿ, ಉರಿದ ಅನಿಲದ ಒಂದು ಪಾಲು ಅವುಗಳ ಸಂದಿನಿಂದ ಎಂಜಿನ್ನಿನ ಕೆಳಭಾಗದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಅದರಲ್ಲಿ ಪೆಟ್ರೋಲಿನ ಆವಿಯೂ ನೀರಿನ ಆವಿಯೂ ಇರುತ್ತವೆ. ಹಿಂದಿನ ಕಾಲದಲ್ಲಿ ಒಂದು ಕೊಳವೆಯ ಮೂಲಕ ಅದನ್ನು ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಲಾಸ್ ಏಂಜಲೀಸ್ ಹೊಗೆಮಂಜಿನಲ್ಲಿ ಕಣ್ಣುರಿಯಿಂದ ನರಳಿದ ಮೇಲೆ ಕ್ಯಾಲಿಫೋರ್ನಿಯಾದ ಕಾರುಗಳಿಗೆ 1961ರ ಮಾದರಿಯಿಂದ, ಅಮೆರಿಕದ ಉಳಿದ ಕಡೆ 1963ರಿಂದ ಈ ವಾಲ್ವ್ ಬಂತು. ಆ ಅನಿಲವನ್ನು ಇದು ಮತ್ತೆ ಎಂಜಿನ್ನಿಗೇ ಎಳೆದುಕೊಂಡು ಸುಡುತ್ತದೆ. ಒಳಗಿರುವುದು ಒಂದು ಸ್ಪ್ರಿಂಗ್, ಒಂದು ಪುಟ್ಟ ಗೂಟ, ಇಷ್ಟೇ. ಐಡಲಿಂಗ್‌ನಲ್ಲಿ, ಅಂದರೆ ಕಾರು ನಿಂತಿದ್ದು ಎಂಜಿನ್ ಮಾತ್ರ ಚಾಲೂ ಇರುವಾಗ, ಮ್ಯಾನಿಫೋಲ್ಡಿನ ಸೆಳೆತ ಜೋರಾಗಿರುವುದರಿಂದ ಗೂಟ ಎಳೆದುಕೊಂಡು ದಾರಿ ಕಿರಿದಾಗುತ್ತದೆ. ಓಡುವಾಗ ಸೆಳೆತ ತಗ್ಗುತ್ತದೆ, ಸ್ಪ್ರಿಂಗ್ ಗೂಟವನ್ನು ಹಿಂದಕ್ಕೆ ತಳ್ಳಿ ದಾರಿ ಅಗಲಿಸುತ್ತದೆ.

ಗೂಟ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಒತ್ತಡ ಹೊರಬೀಳಲು ಬೇರೆ ದಾರಿ ಹುಡುಕುತ್ತದೆ. ಸೀಲುಗಳಿಂದ ಆಯಿಲ್ ಜಿನುಗುತ್ತದೆ, ಕೆಲವೊಮ್ಮೆ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದಿರುತ್ತದೆ. ತೆರೆದ ಸ್ಥಿತಿಯಲ್ಲೇ ನಿಂತರೆ ಐಡಲಿಂಗ್ ನಡುಗುತ್ತದೆ, ಆಯಿಲ್ ಖರ್ಚಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರುಗಳನ್ನು ವಿಶೇಷವಾಗಿ ಗಮನಿಸಬೇಕು. ಎಂಜಿನ್ ಪೂರ್ತಿ ಬಿಸಿಯಾಗದೆ ನೀರಿನ ಆವಿ ಒಳಗೇ ತಣಿದು, ಆಯಿಲ್ ಮುಚ್ಚಳದ ಅಡಿಯಲ್ಲಿ ಮಜ್ಜಿಗೆಯಂಥ ಬಿಳಿಗಸಿ ಕಟ್ಟುತ್ತದೆ. ಆ ಗಸಿಯೇ ವಾಲ್ವಿನ ಗಂಟಲಿಗೂ ಇಳಿಯುತ್ತದೆ.

ಕೆಲಸಕ್ಕೆ ಮೊದಲು

ನಿಮ್ಮ ಕಾರಿನ ಕೈಪಿಡಿ ನೋಡಿ. ಹೊಸ ಎಂಜಿನ್‌ಗಳಲ್ಲಿ ಈ ವ್ಯವಸ್ಥೆ ಟ್ಯಾಪೆಟ್ ಕವರಿನಲ್ಲೇ ಅಚ್ಚಾಗಿ ಬಂದಿರಬಹುದು, ಡೀಸೆಲ್ ಕಾರುಗಳದ್ದು ಬೇರೆಯೇ ಬಗೆ. ಈ ಲೇಖನ ರಬ್ಬರ್ ಬಳೆಗೆ ಒತ್ತಿ ಕೂರಿಸುವ ವಾಲ್ವಿಗೆ ಸಂಬಂಧಿಸಿದ್ದು. ಬಿಡಿಭಾಗದ ಅಂಗಡಿಯಲ್ಲಿ ವಾಲ್ವಿನ ಜೊತೆಗೆ ಗ್ರೊಮೆಟ್, ಅಂದರೆ ಆ ರಬ್ಬರ್ ಬಳೆಯನ್ನೂ ಕೇಳಿ ತನ್ನಿ. ಪೈಪು ಬಿರುಕು ಬಿಟ್ಟಿದ್ದರೆ ಅದನ್ನೂ ಕೊಳ್ಳಿ, ಆದರೆ ನೀರಿನ ಪೈಪನ್ನು ಕತ್ತರಿಸಿ ಹಾಕಬೇಡಿ. ಅದು ಆಯಿಲ್ ಆವಿಗೆ ಊದಿಕೊಂಡು ಸೆಳೆತಕ್ಕೆ ಒಳಕ್ಕೆ ಕುಸಿಯುತ್ತದೆ.

ಎಂಜಿನ್ ನಿಲ್ಲಿಸಿ ಅರ್ಧ ಗಂಟೆಯಷ್ಟು ಬಿಡಿ. ಕೈ ಇಟ್ಟರೆ ಬೆಚ್ಚಗಿರಬೇಕು, ಸುಡಬಾರದು. ತಣ್ಣಗಾದ ರಬ್ಬರ್ ಗಟ್ಟಿಯಾಗಿರುತ್ತದೆ, ಬೆಚ್ಚಗಿದ್ದಾಗ ಸ್ವಲ್ಪ ಬಳುಕುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಕೀ ತೆಗೆದಿಟ್ಟುಕೊಳ್ಳಿ.

ಬಿಡಿಸುವ ಹೊತ್ತು

ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ವಾಲ್ವಿನ ಸುತ್ತ ಕೂತಿರುವ ದೂಳು, ಮರಳು, ಜಿಡ್ಡನ್ನು ಪೂರ್ತಿ ತೆಗೆಯಿರಿ. ವಾಲ್ವ್ ಎದ್ದ ಕ್ಷಣ ಅದೆಲ್ಲ ಬೀಳುವುದು ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇರುವ ಕಡೆಗೆ. ನಂತರ ಪೈಪಿನ ಕ್ಲಿಪ್ ಹಿಂದೆ ಸರಿಸಿ, ಪೈಪನ್ನು ಎಳೆಯುವ ಮೊದಲು ತಿರುಗಿಸಿ. ತಿರುಗದಿದ್ದರೆ ಹೇಗೂ ಬದಲಿಸುವ ಪೈಪು ಎಂದುಕೊಂಡು ಉದ್ದಕ್ಕೆ ಸೀಳಿ ಬಿಡಿಸಿ. ಪ್ಲಾಸ್ಟಿಕ್ ಮೂತಿಯ ಮೇಲೆ ಬಲ ಹಾಕುವುದಕ್ಕಿಂತ ಅದು ಮೇಲು.

ಈಗ ಬಳೆಯ ಅಂಚಿಗೆ ಸಿಲಿಕೋನ್ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಡಿ, ಮತ್ತೊಮ್ಮೆ ಹೊಡೆಯಿರಿ. ವಾಲ್ವಿನ ಬುಡವನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಹಿಡಿದು ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟೇ ಹೊರಳಿಸಿ. ಮೇಲಕ್ಕೆ ಎಳೆಯುವ ಯೋಚನೆಯೇ ಈಗ ಬೇಡ. ಮೊದಲಿಗೆ ವಾಲ್ವ್ ರಬ್ಬರನ್ನೂ ಹೊತ್ತುಕೊಂಡು ತಿರುಚಿಕೊಳ್ಳುತ್ತದೆ, ಬಿಟ್ಟರೆ ಹಿಂದಕ್ಕೆ ಚಿಮ್ಮುತ್ತದೆ. ನಾಲ್ಕಾರು ಸಲದ ನಂತರ ಒಂದು ಹೊತ್ತಿನಲ್ಲಿ ‘ಚರಕ್’ ಎಂದು ಅದು ರಬ್ಬರಿನ ಹಿಡಿತ ಬಿಟ್ಟು ಸಲೀಸಾಗಿ ತಿರುಗಲಾರಂಭಿಸುತ್ತದೆ. ಆಮೇಲೆ ತಿರುಗಿಸುತ್ತಲೇ ನೇರವಾಗಿ ಮೇಲಕ್ಕೆತ್ತಿ.

ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಹದಿನೈದು ವರ್ಷದ ಕಾರೊಂದರಲ್ಲಿ ನಾನು ಹಾಗೆ ಮಾಡಿದ್ದೆ. ವಾಲ್ವಿನ ಮೂತಿ ಕೈಗೆ ಬಂತು, ಕೆಳಗಿನ ಅರ್ಧ ಅಲ್ಲೇ ಉಳಿಯಿತು, ಬಳೆ ಇದ್ದಿಲಿನಂತೆ ಪುಡಿಪುಡಿಯಾಯಿತು. ಹಾಗಾದರೂ ಡ್ರಿಲ್ ಮಾತ್ರ ಹಿಡಿಯಬೇಡಿ, ಕೊರೆದ ಪುಡಿಯೆಲ್ಲ ಎಂಜಿನ್ನಿಗೆ ಇಳಿಯುತ್ತದೆ. ಮುರಿದ ತುಂಡಿನ ರಂಧ್ರಕ್ಕೆ ದಪ್ಪ ಸ್ಕ್ರೂ ಒಂದನ್ನು ಎರಡು ಸುತ್ತು ಕಚ್ಚಿಸಿ, ಅದನ್ನೇ ಹಿಡಿಕೆ ಮಾಡಿಕೊಂಡು ಎತ್ತಿ. ಉಳಿದ ರಬ್ಬರನ್ನು ಕೊಕ್ಕೆಯಂತೆ ಬಗ್ಗಿಸಿದ ತಂತಿಯಿಂದ ಒಳಕ್ಕಲ್ಲ, ಹೊರಕ್ಕೆ ಎಳೆಯಿರಿ. ತಂತಿಯ ತುದಿಗೆ ಗ್ರೀಸ್ ಹಚ್ಚಿದರೆ ಚೂರುಗಳು ಅದಕ್ಕೇ ಅಂಟಿಕೊಂಡು ಬರುತ್ತವೆ. ಎಲ್ಲ ಚೂರುಗಳನ್ನೂ ಬಿಳಿ ಕಾಗದದ ಮೇಲೆ ಜೋಡಿಸಿ, ಬಳೆಯ ಆಕಾರ ಪೂರ್ತಿಯಾಗುವವರೆಗೂ ನಾನು ಮುಂದುವರಿಯಲಿಲ್ಲ. ಅನೇಕ ಎಂಜಿನ್‌ಗಳಲ್ಲಿ ಕವರಿನ ಅಡಿಯಲ್ಲಿ ಒಂದು ತಗಡಿನ ಅಡ್ಡಗೋಡೆ ಇರುತ್ತದೆ. ಅದನ್ನು ನಂಬಿ ಕೂರಬೇಡಿ, ಚೂರು ಕೆಳಗೆ ಬಿದ್ದ ಅನುಮಾನವಿದ್ದರೆ ಟ್ಯಾಪೆಟ್ ಕವರ್ ಬಿಚ್ಚುವುದೇ ಸರಿ.

ಹೊಸದನ್ನು ಕೂರಿಸುವುದು

ಹಳೆಯ ವಾಲ್ವನ್ನು ಅಲ್ಲಾಡಿಸಿ ನೋಡಿ. ‘ಟಕ್ ಟಕ್’ ಎನ್ನದಿದ್ದರೆ ಅದು ಸಿಕ್ಕಿಕೊಂಡಿದೆ. ಸದ್ದು ಬಂದರೂ ಸ್ಪ್ರಿಂಗ್ ಸೊರಗಿರಬಹುದು. ತೊಳೆದು ಮತ್ತೆ ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಇಷ್ಟು ಕಷ್ಟಪಟ್ಟು ಬಿಡಿಸಿದ ಜಾಗದಲ್ಲಿ ಹೊಸದೇ ಕೂರಲಿ. ಗೂಡನ್ನು ಬಟ್ಟೆಯಿಂದ ಒರೆಸಿ, ಹೊಸ ಬಳೆಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ ಮೊದಲು ಬಳೆಯನ್ನು, ಆಮೇಲೆ ವಾಲ್ವನ್ನು ಕೈಯಿಂದಲೇ ಒತ್ತಿ. ಅಂಟು, ಸೀಲಂಟ್ ಯಾವುದೂ ಬೇಡ.

ಪೈಪು ಸಿಕ್ಕಿಸಿ, ಕ್ಲಿಪ್ ಹಾಕಿ ಎಂಜಿನ್ ಚಾಲೂ ಮಾಡಿ. ‘ಸುಯ್’ ಎಂಬ ಸದ್ದು ಬಂದರೆ ಎಲ್ಲೋ ಗಾಳಿ ನುಸುಳುತ್ತಿದೆ, ಎರಡು ತುದಿಯನ್ನೂ ಮತ್ತೆ ಒತ್ತಿ. ಎಂಜಿನ್ ಬಿಸಿಯಾದ ಮೇಲೆ ಏರ್ ಫಿಲ್ಟರ್ ಕಡೆಯಿಂದ ಟ್ಯಾಪೆಟ್ ಕವರಿಗೆ ಬರುವ ಬ್ರೀದರ್ ಪೈಪನ್ನು ಕಳಚಿ, ಎರಡು ಬಾಯಿಯನ್ನೂ ಮುಚ್ಚಿ, ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಅದರ ಮೇಲೆ ದಪ್ಪ ಕಾಗದದ ತುಂಡೊಂದನ್ನು ಇಡಿ. ಒಂದು ನಿಮಿಷದೊಳಗೆ ಕಾಗದ ಒಳಕ್ಕೆ ಸೆಳೆದು ಅಂಟಿಕೊಂಡರೆ ಎಂಜಿನ್ ಉಸಿರಾಡುತ್ತಿದೆ. ಹೊಸ ವಾಲ್ವ್ ಇದ್ದೂ ಕಾಗದ ಮೇಲಕ್ಕೆ ಹಾರುತ್ತಿದ್ದರೆ ಪಿಸ್ಟನ್ ರಿಂಗ್‌ಗಳು ಸವೆದಿರಬಹುದು, ಮೆಕ್ಯಾನಿಕ್ ಬಳಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಮುಚ್ಚಳ ಮತ್ತು ಬ್ರೀದರ್ ಪೈಪನ್ನು ಮರಳಿ ಹಾಕಿ, ವಾರದ ನಂತರ ಹೊಸ ಬಳೆಯ ಸುತ್ತ ಆಯಿಲ್ ಒದ್ದೆಯಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡಿ.